ಗಂಟೆ ಕದಿರಪ್ಪನವರ ಹಾಲಿನ ಕ್ಯಾನು

ಕದಿರಪ್ಪನವರು ಹಕ್ಕಿಗಳಿಗೆ ಬೆನ್ನು ಮಾಡಿ ಕೂತು ಹಕ್ಕಿ ನೋಡುತ್ತಿದ್ದರು. ನಾವೆಲ್ಲ ದುರ್ಬೀನನ್ನು ಕಣ್ಣಿಗೊತ್ತಿಕೊಂಡು, ಕತ್ತು ನೋಯುವಷ್ಟು ಮೇಲೆ ನೋಡುತ್ತ, ‘ಎಲ್ಲಿ, ಯಾವ ಕೊಂಬೆ, ಅಯ್ಯೋ ಹೋಯ್ತು’ ಎಂದು ಪಿಸುಗುಡುತ್ತಿದ್ದರೆ, ಅವರು ಚಾಂಪಿಯನ್ ರೀಫ್ಸ್‌ನ ಮುಚ್ಚಿದ ಚಿನ್ನದ ಗಣಿಯ ಹಳೇ ಶಾಫ್ಟಿನ ಗೋಡೆ ಪಕ್ಕದ ದೊಡ್ಡ ಬೇವಿನ ಮರದ ಕೆಳಗೆ, ಚಪ್ಪಡಿ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಮೊಣಕಾಲುಗಳ ನಡುವೆ ಖಾಲಿ ಹಾಲಿನ ಕ್ಯಾನು. ಬಲಗೈಯಲ್ಲಿ ಮೊಪೆಡ್ಡಿನ ಕೀಲಿ. ಹಿಂದಿನ ಪೊದೆಯಲ್ಲಿ ಹಕ್ಕಿಯೊಂದು ‘ಚಕ್’ ಎಂದರೆ ಇವರು ಕೀಲಿಯಿಂದ ಕ್ಯಾನಿನ ಕಂಠಕ್ಕೆ ಮೆತ್ತಗೆ ಒಂದು ಸಲ ‘ಟಣ್’ ಎನಿಸುವರು. ಹಕ್ಕಿ ಎರಡು ಸಲ ಕೂಗಿದರೆ ಎರಡು ಟಣ್. ಆಮೇಲೆ ಕಣ್ಣು ತೆರೆಯದೆಯೇ ನನಗೆ ಹೇಳುವರು: “ಬರ್ಕಳಿ ಮೇಡಮ್ಮ. ಬಂದೈತೆ.”

ಅವರು ಗಣಿ ಮುಚ್ಚುವ ತನಕ ಅಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು. ಅಂದರೆ ಕೆಲಸಗಾರರನ್ನು ಹೊತ್ತ ಕೇಜನ್ನು ಶಾಫ್ಟಿನೊಳಗೆ ಇಳಿಸುವ, ಎತ್ತುವ ಯಂತ್ರದ ಲಿವರು ಇವರ ಕೈಯಲ್ಲಿತ್ತು. ಊರಲ್ಲಿ ಕದಿರಪ್ಪ ಎಂಬ ಹೆಸರಿನವರು ಹತ್ತು ಮಂದಿ ಇದ್ದುದರಿಂದ ಇವರು ಗಂಟೆ ಕದಿರಪ್ಪ. ಗಂಟೆಯ ಕತೆಯನ್ನು ಅವರು ಹೊಸಬರಿಗೆಲ್ಲ ಹೇಳುತ್ತಿದ್ದರು, ಹಳಬರೂ ಕೇಳಲೇಬೇಕಾಗಿತ್ತು.

“ಕೇಜು ನಂಗೆ ಕಾಣಲ್ಲ. ಅದು ಎಲ್ಲೋ ಭೂಮಿ ಒಟ್ಟೇಲಿರ್ತೈತೆ. ಕೆಳಗಿರೋನು ಗಂಟೆ ಒಡೀತಾನೆ, ನಾನು ಕೇಳ್ತೀನಿ. ಒಂದು ಅಂದ್ರೆ ನಿಲ್ಸು. ಎರಡು ಅಂದ್ರೆ ಇಳ್ಸು. ಮೂರು ಅಂದ್ರೆ ಒಳಗೆ ಮನುಸ್ರವ್ರೆ, ಮೆಲ್ಲಕ್ಕೆ. ಕೇಳಿದ ತಕ್ಷಣ ಲಿವರ್ ಮುಟ್ಟಂಗಿಲ್ಲ. ಅವ್ನು ಒಡೆದಿದ್ದನ್ನ ನಾನು ತಿರುಗ ಒಡೀಬೇಕು, ‘ಕೇಳಿಸ್ತಪ್ಪ’ ಅಂತ. ಆಮೇಲೇ ಕೈ. ಅನುಮಾನ ಬಂತಾ, ಕೈ ಮಡ್ಲಲ್ಲಿ ಇಟ್ಕಂಡು ಕೂತ್ಕ.”

ಗಣಿ ಮುಚ್ಚಿದ ಮೇಲೆ ಅವರು ಕ್ಯಾಸಂಬಳ್ಳಿ ಹತ್ತಿರದ ತಮ್ಮ ಹಳ್ಳಿಗೆ ವಾಪಸು ಹೋಗಿ, ರಾಗಿ ಹೊಲ ನೋಡಿಕೊಂಡು, ಎರಡು ಸೀಮೆ ಹಸು ಕಟ್ಟಿದರು. ಆದರೆ ಕಿವಿ ಮಾತ್ರ ಇಂಜಿನ್ ಮನೆಯಲ್ಲೇ ಉಳಿಯಿತು. ಆ ಕಿವಿಗಳೂ ಹಾಗೇ ಇದ್ದವು ಅನ್ನಿ, ಮುಖಕ್ಕೆ ಒಂದು ಅಳತೆ ಹೆಚ್ಚೇ. ಭಾನುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮನೆಗೂ ಹೋಗದೆ ಖಾಲಿ ಕ್ಯಾನು ಸಮೇತ ಮೊಪೆಡ್ಡಿನಲ್ಲಿ ನೇರ ಚಾಂಪಿಯನ್ ರೀಫ್ಸ್‌ಗೆ ಬಂದುಬಿಡುತ್ತಿದ್ದರು.

ನಾನು ಗದಗಿನ ಕಡೆಯವಳು. ಇಲ್ಲಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಸಿಕ್ಕಿ ಬಂದೆ. ಬಾಯಿ ಸ್ವಲ್ಪ ಜೋರು, ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಊರಿಗಾಂನಲ್ಲಿ ನನ್ನ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಸೆಲ್ವರಾಜ್ ಒಂದು ಭಾನುವಾರ, “ಮೇಡಂ, ಸುಮ್ನೆ ಮನೇಲಿ ಕೂತು ಏನ್ ಮಾಡ್ತೀರಾ, ವಾಂಗೋ, ಹಕ್ಕಿ ನೋಡೋಣ” ಎಂದು ಎಳೆದುಕೊಂಡು ಹೋದರು. ಒಂಬತ್ತು ಹತ್ತು ಜನರ ಗುಂಪು ಅದು. ಮೊದಲ ದಿನ ನಾನು ಕದಿರಪ್ಪನವರನ್ನು ಗೌರವದಿಂದ “ಅಜ್ಜಾರ” ಎಂದೆ. ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿ, “ನಮ್ ಕಡೆ ತಾತ ಅಂತಾರೆ. ಅಜ್ಜ ಅಂದ್ರೆ ನಂಗೆ ವಯಸ್ಸಾದಂಗಾಗ್ತೈತೆ” ಎಂದರು. ತಾತ ಎಂದರೆ ಯಾಕೆ ವಯಸ್ಸಾಗುವುದಿಲ್ಲ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ಅದೇ ದಿನ ಬೆಂಗಳೂರಿನಿಂದ ಒಬ್ಬರು ಕ್ಯಾಮೆರಾ ತಂದಿದ್ದರು, ಅದರ ಲೆನ್ಸು ಒಳ್ಳೆ ಒನಕೆಯ ಗಾತ್ರ. ಎರಡು ಗಂಟೆ ಹೊತ್ತು ಒಂದು ಹಕ್ಕಿಗಾಗಿ ಮುಳ್ಳುಕಂಟಿಯೆಲ್ಲ ಸುತ್ತಿ, ಪ್ಯಾಂಟು ಹರಿದುಕೊಂಡು ಬಂದು, ಕಲ್ಲಿನ ಮೇಲಿದ್ದ ತಾತನನ್ನು ತೋರಿಸಿ, “ಪಾಪ, ಅವರಿಗೆ ನಿದ್ದೆ ಬಂದ ಹಾಗಿದೆ, ಮನೆಗೆ ಕಳಿಸಿ” ಎಂದರು. ತಾತ ಮುಚ್ಚಿದ ಕಣ್ಣಲ್ಲೇ ಹೇಳಿದರು: “ನಿಮ್ಮ ಎಡಕ್ಕೆ, ಜಾಲಿ ಕಂಟೀಲಿ, ಎದೆ ಮಟ್ಟಕ್ಕೆ ಒಂದೈತೆ ನೋಡಿ ಸಾರ್. ಆವಾಗಿಂದ ನಿಮ್ಮನ್ನ ಬಯ್ತಾ ಐತೆ.” ಅವರು ತಿರುಗಿದರು. ಹಕ್ಕಿ ಅಲ್ಲೇ ಇತ್ತು. ಅಷ್ಟು ಹತ್ತಿರದಲ್ಲಿದ್ದುದರಿಂದ ಆ ಲೆನ್ಸಿಗೆ ಹಿಡಿಯಲೇ ಇಲ್ಲ.

ಕದಿರಪ್ಪನವರ ಬಾಯಲ್ಲಿ ಹಕ್ಕಿ ಯಾವಾಗಲೂ ತೆಲುಗಿನ ‘ಪಿಟ್ಟ’. ಪುಸ್ತಕದ ಹೆಸರುಗಳು ಅವರಿಗೆ ಬೇಕಿರಲಿಲ್ಲ. ಚಳಿಗಾಲಕ್ಕೆ ಬಂದು ಪೊದೆಯಲ್ಲಿ ಅಡಗಿ ‘ಚಕ್’ ಎನ್ನುವ ಕಂದು ಹಕ್ಕಿ ‘ನಿಲ್ಸು ಪಿಟ್ಟ’. ಮೂರು ಸಲ ಗಟ್ಟಿಯಾಗಿ ಕೂಗುವ ಗೌಜಲಕ್ಕಿ ‘ಮನುಸ್ರ ಪಿಟ್ಟ’. ಅದು ಕೂಗಿದಾಗಲೆಲ್ಲ ನಮಗೆ, “ಮೆಲ್ಲಕ್ಕೆ ನಡೀರಿ, ಮನುಸ್ರವ್ರೆ” ಎಂದು ನಗುತ್ತಿದ್ದರು. ಬೇವಿನ ತುದಿಯಲ್ಲಿ ಎಲೆಗಳ ನಡುವೆ ಎಲೆಯೇ ಆಗಿರುವ, ಸೂಜಿಯಷ್ಟು ಸಣ್ಣ ದನಿಯಲ್ಲಿ ‘ಚಿಸ್‌ವೀ’ ಎಂದು ಎರಡು ಸ್ವರ ಹೊರಡಿಸುವ ಹಸಿರು ಹಕ್ಕಿ ‘ಇಳ್ಸು ಪಿಟ್ಟ’. ಎಲ್ಲ ಹಕ್ಕಿಗಳಲ್ಲಿ ಅವರಿಗೆ ಇದರ ಮೇಲೆ ಪ್ರಾಣ, ಯಾಕೆಂದರೆ ಇದು ಅವರಿಗೆ ಬೈಗುಳ ತಿನ್ನಿಸಿತ್ತು.

“ಕೆಲ್ಸಕ್ಕೆ ಸೇರಿ ಎರಡು ವಾರ ಆಗಿತ್ತು. ಭಯ. ತಟ್ಟೆ ಬಿದ್ರೂ ಗಂಟೆ ಅನ್ನಿಸ್ತಿತ್ತು. ಇಂಜಿನ್ ಮನೆ ಕಿಟಕಿ ಪಕ್ಕ ಇದೇ ಬೇವಿನ ಮರ. ಚಿಸ್‌ವೀ ಅಂತು. ನಾನು ಎರಡು ಅಂದ್ಕಂಡು ತಿರುಗ ಎರಡು ಒಡೆದ್ಬಿಟ್ಟೆ. ಕೆಳಗಿಂದ ಫೋನು! ‘ಯಾರ್ ಡಾ ಅದು, ನಾನ್ ಒಡೀದೆ ಇರೋದಕ್ಕೆ ಜವಾಬು ಒಡಿಯೋನು’ ಅಂತ ಬೈದ ನೋಡಿ, ತಮಿಳಲ್ಲಿ ಅರ್ಧ, ತೆಲುಗಲ್ಲಿ ಅರ್ಧ. ಲಿವರು ಮುಟ್ಟಿರ್ಲಿಲ್ಲ, ದೇವ್ರು ದೊಡ್ಡೋನು. ಅವತ್ತು ಆಚೆ ಬಂದು ಮರ ನೋಡಿದೆ. ಎಬ್ಬೆಟ್ಟು ಗಾತ್ರ ಐತೆ ಪಿಟ್ಟ! ಇಷ್ಟುದ್ದ ಇರೋನು ನನ್ನ ಕೆಲ್ಸ ಕಳೀತಿದ್ದನಲ್ಲೋ ಅಂತ ಅವತ್ತಿಂದ ಸ್ನೇಹ.”

ನಮ್ಮ ಗುಂಪಿಗೆ ಒಂದು ಹಬ್ಬವಿತ್ತು. ಯುಗಾದಿ ಕಳೆದ ಮೊದಲ ಭಾನುವಾರ ಹಕ್ಕಿಗಳ ಹಾಜರಿ ತೆಗೆಯುವುದು. ಚಳಿಗಾಲಕ್ಕೆ ಬಂದ ಪುಟ್ಟ ಹಕ್ಕಿಗಳು ಆ ಹೊತ್ತಿಗೆ ಉತ್ತರಕ್ಕೆ, ಹಿಮಾಲಯದ ಕಡೆಗೆ ಹೊರಟಿರುತ್ತವೆ. ಆರು ತಿಂಗಳು ಒಂದೋ ಎರಡೋ ಸ್ವರ ಹೊರಡಿಸಿಕೊಂಡು ಸುಮ್ಮನಿದ್ದವು ಹೊರಡುವ ಮುಂಚೆ ಇದ್ದಕ್ಕಿದ್ದಂತೆ ಹಾಡಲು ಶುರುಮಾಡುತ್ತವೆ. ಅವು ಹೋಗುವ ಮೊದಲು ಒಮ್ಮೆ ಎಲ್ಲರ ಹೆಸರು ಕೂಗಿಬಿಡಬೇಕು ಎಂಬುದು ತಾತನದೇ ಯೋಚನೆ, ಗಣಿಯ ಹಾಜರಿ ಪುಸ್ತಕದ ಹಾಗೆ. ಪುಸ್ತಕ ನನ್ನ ಕೈಯಲ್ಲಿ, ಬರವಣಿಗೆ ದುಂಡಗಿದೆ ಎಂದು. ಹೆಸರಿನ ಮುಂದೆ ‘ಬಂದಿತ್ತು’ ಅಥವಾ ‘ಬರಲಿಲ್ಲ’, ಅಷ್ಟೇ. ಯಾರಿಗೆ ಏನು ಕಂಡರೂ, ಏನು ಕೇಳಿಸಿದರೂ, ಕ್ಯಾನಿನ ಮೇಲೆ ಜವಾಬಿನ ಗಂಟೆ ಬೀಳುವ ತನಕ ಬರೆಯುವ ಹಾಗಿಲ್ಲ. ಇದು ನಾವೆಲ್ಲ ಸಂತೋಷದಿಂದ ಒಪ್ಪಿಕೊಂಡ ಕಾನೂನು.

ಆ ಭಾನುವಾರಗಳ ಖುಷಿಯನ್ನು ಹೇಗೆ ಹೇಳಲಿ! ಚಾಂಪಿಯನ್ ರೀಫ್ಸ್‌ನ ಬೇವು ಮುಗಿಸಿ ಊರಿಗಾಂಗೆ ನಡೆದು ಬಂದರೆ ಹಳೇ ಬಂಗಲೆಗಳ ಹಿಂದೆ ಹಾಲುವಾಣದ ಮರಗಳು ಎಲೆಯಿಲ್ಲದೆ ಕೆಂಪಗೆ ಹೂ ಬಿಟ್ಟಿರುತ್ತಿದ್ದವು. ಅದರ ತುಂಬ ನೂರಾರು ಗುಲಾಬಿ ಬಣ್ಣದ ಕಬ್ಬಕ್ಕಿಗಳು, ಎಲ್ಲವೂ ಒಟ್ಟಿಗೆ ಮಾತಾಡುತ್ತ, ಜಗಳವಾಡುತ್ತ, ಹೂವಿನ ರಸ ಕುಡಿಯುತ್ತ. ಅಲ್ಲಿ ತಾತನ ಕ್ಯಾನು ಸೋಲುತ್ತಿತ್ತು. ಎಷ್ಟೆಂದು ತಿರುಗಿ ಹೊಡೆಯುವುದು? “ಶಿಫ್ಟ್ ಬಿಟ್ಟಂಗೈತೆ ಕಣಮ್ಮ!” ಎಂದು ಕಣ್ಣು ತೆರೆದು, ಬಾಯಿ ತುಂಬ ನಗುತ್ತಿದ್ದರು. ಆಮೇಲೆ ಕ್ಯಾನು ಸಮೇತ ಎಲ್ಲರೂ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಪಾನಿಪೂರಿ ತಿನ್ನುವುದು. ಅಲ್ಲಿಯ ಪಾನಿ ನೋಡಲು ಬೋರ್‌ವೆಲ್ ನೀರಿನಷ್ಟು ತಿಳಿ, ನಾಲಿಗೆಗೆ ಬಿದ್ದ ಮೇಲೆ ಗೊತ್ತಾಗುತ್ತದೆ ಅದು ಯಾರೆಂದು. ಸಂಜೆ ವಾಪಸು ಬಂದು ಬೀಳ್ಕೊಡುವಾಗ ತಾತ ಮೊಪೆಡ್ಡಿಗೆ ಕ್ಯಾನು ಕಟ್ಟಿ, ಕೀಲಿಯಿಂದ ಮೂರು ಸಲ ಬಾರಿಸುತ್ತಿದ್ದರು. ಮನುಷ್ಯರಿದ್ದಾರೆ, ಮೆಲ್ಲಗೆ ಹೋಗಿ ಎಂದು.

ಇಂಥದ್ದೊಂದು ಯುಗಾದಿ ಭಾನುವಾರ, ನಾನು ಗುಂಪಿಗೆ ಸೇರಿದ ನಾಲ್ಕನೆಯದೋ ಐದನೆಯದೋ ಇರಬೇಕು, ಬೇವಿನ ತುದಿಯಲ್ಲಿ ‘ಚಿಸ್‌ವೀ’ ಎಂದಿತು. ನಾನು ಪೆನ್ನು ಹಿಡಿದು ಕ್ಯಾನಿಗಾಗಿ ಕಾದೆ. ಕ್ಯಾನು ಸುಮ್ಮನಿತ್ತು. ಇನ್ನೊಮ್ಮೆ ‘ಚಿಸ್‌ವೀ’. ಸೆಲ್ವರಾಜ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಪೊದೆಯಿಂದ ‘ಚಕ್’ ಬಂತು, ತಾತ ತಕ್ಷಣ ಒಂದು ಟಣ್ ಎನಿಸಿದರು. ಹಾಗಾದರೆ ಎಚ್ಚರವಾಗೇ ಇದ್ದಾರೆ! ನಮಗೇ ತಪ್ಪು ಕೇಳಿಸಿರಬೇಕು ಎಂದು ಒಬ್ಬೊಬ್ಬರೂ ಒಳಗೊಳಗೇ ಅಂದುಕೊಂಡೆವು. ಒಂಬತ್ತು ಜನರ ಹದಿನೆಂಟು ಕಿವಿಗಳು ಕೇಳಿದ ಹಕ್ಕಿಯನ್ನು, ಒಬ್ಬರು ಜವಾಬು ಕೊಡಲಿಲ್ಲ ಎಂದು ನಾವು ಇಲ್ಲವೆಂದುಬಿಟ್ಟೆವು. ಕೊನೆಗೆ ತಾತ ನಿಟ್ಟುಸಿರಿಟ್ಟು, “ಇಳ್ಸು ಪಿಟ್ಟ ಈ ಸಲ ಬರಲಿಲ್ಲ, ಬರ್ಕಳಿ” ಎಂದರು. ನಾನು ನನ್ನ ದುಂಡಗಿನ ಅಕ್ಷರದಲ್ಲಿ ‘ಬರಲಿಲ್ಲ’ ಎಂದು ಬರೆದೆ. ತಲೆ ಮೇಲೆ ಅದು ಇನ್ನೂ ಕೂಗುತ್ತಲೇ ಇತ್ತು.

ಆ ವರ್ಷವಿಡೀ ಅವರು ಆ ಹಕ್ಕಿಗಾಗಿ ಕೊರಗಿದರು. ಊರಿಗಾಂನ ಮೊಬೈಲ್ ಟವರ್ ಕಾಯುವವನ ಹತ್ತಿರ ಹೋಗಿ, “ನಿನ್ ಟವರು ನನ್ ಪಿಟ್ಟನ್ನ ಓಡಿಸ್ಬಿಡ್ತಲ್ಲೋ” ಎಂದು ಜಗಳ ಮಾಡಿ ಬಂದರು. ಹೊಲದ ಬದುವಿನಲ್ಲಿ ಆರು ಬೇವಿನ ಸಸಿ ನೆಟ್ಟರು. ಚಳಿಗಾಲ ಬಂತು, ಹಕ್ಕಿಯೂ ಬಂತು, ಪ್ರತಿ ಭಾನುವಾರ ಅವರ ತಲೆಯ ಮೇಲೇ ಕೂಗಿತು. ಸಣ್ಣ ದನಿಗಳು ಮಾತ್ರ ಅವರ ಕಿವಿಯಿಂದ ಜಾರಿಹೋಗಿವೆ, ದಪ್ಪ ದನಿಗಳು ಉಳಿದಿವೆ ಎಂಬುದು ಆಗ ನಮಗೆಲ್ಲ ತಿಳಿದಿತ್ತು. “ಹೇಳಬೇಡಿ ಮೇಡಂ, ಪಾವಂ” ಎಂದರು ಸೆಲ್ವರಾಜ್. ಹೇಳಿದರೆ ಅವರಿಗೆ ಕಿವಿ ಹೋಗುತ್ತದೆ, ಹೇಳದಿದ್ದರೆ ಹಕ್ಕಿ ಹೋಗುತ್ತದೆ.

ಮುಂದಿನ ಯುಗಾದಿ ಭಾನುವಾರ ಅವರು ಕಲ್ಲಿನ ಮೇಲೆ ಕೂತು, “ಈ ಸಲಾನೂ ಬರದಿದ್ರೆ ನಾನೂ ಬರೋದು ನಿಲ್ಲಿಸ್ತೀನಿ. ಅದಿಲ್ದ ಮರಕ್ಕೆ ನಾನ್ಯಾಕೆ ಕಾವಲು?” ಎಂದರು. ಮೇಲಿನಿಂದ ‘ಚಿಸ್‌ವೀ, ಚಿಸ್‌ವೀ’. ಕೇಳಿಸಿಕೊಂಡ ಎಂಟು ಮಂದಿ ನೆಲ ನೋಡಿದರು. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಅದು ನಿಮ್ಮ ತಲಿ ಮ್ಯಾಲೇ ಕುಂತೈತ್ರೀ ತಾತಾ! ಹೋದ ವರ್ಷಾನೂ ಬಂದಿತ್ತು! ನಿಮಗ ಕೇಳವಲ್ದು, ಅಷ್ಟ!”

ಅವರು ಮೇಲೆ ನೋಡಿದರು. ಆಮೇಲೆ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದರು. ಎದ್ದು, ಕ್ಯಾನು ಎತ್ತಿಕೊಂಡು, ಮೊಪೆಡ್ ಹತ್ತಿ ಹೋದರು. ಹೋಗುವಾಗ ಮೂರು ಗಂಟೆ ಹೊಡೆಯಲಿಲ್ಲ. ಆ ದಿನ ಬಂಗಾರಪೇಟೆಗೆ ಯಾರೂ ಹೋಗಲಿಲ್ಲ, ಹಾಜರಿಯನ್ನೂ ತೆಗೆಯಲಿಲ್ಲ.

ಮೂರು ದಿನ ನನಗೆ ಊಟ ರುಚಿಸಲಿಲ್ಲ. ನಾಲ್ಕನೇ ದಿನ ರಜೆ ಹಾಕಿ ಬಸ್ಸು ಹಿಡಿದು ಅವರ ಹಳ್ಳಿಗೆ ಹೋದೆ. ಹೆಂಡತಿ ಪಾಪಮ್ಮನವರು ಕೊಟ್ಟಿಗೆಯ ಮುಂದೆ ಸಗಣಿ ಬಾಚುತ್ತಿದ್ದರು. ವಿಷಯ ಕೇಳಿ ಬಿದ್ದು ಬಿದ್ದು ನಕ್ಕರು. “ಅಯ್ಯೋ, ಈಗ ಗೊತ್ತಾಯ್ತಾ ನಿಮ್ಗೆ? ನಾನು ಕೂಗಿದ್ರೆ ಮದ್ವೆ ಆದಾಗ್ಲಿಂದ ಕೇಳ್ಸಲ್ಲ ಇವ್ರಿಗೆ. ಒಳಗವ್ರೆ ಓಗಮ್ಮ.”

ತಾತ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ನಾನು ತಪ್ಪಾಯಿತು ಎನ್ನುವ ಮೊದಲೇ ಅವರು ಹೇಳಿದರು: “ನೀವು ಸರಿಯಾಗೇ ಯೋಳಿದ್ರಿ ಕಣಮ್ಮ. ನಮ್ ಗಣೀಲಿ ವರ್ಷಕ್ಕೊಂದು ಸಲ ಕಿವಿ ಟೆಸ್ಟು. ಕೇಳಿಸ್ಲಿಲ್ವಾ, ಸೀಟಿಂದ ಎದ್ದೇಳು ಅಂತಾರೆ. ಎಂಥಾ ಡ್ರೈವರ್ ಆದ್ರೂ ಸರಿ. ಕೆಳಗೆ ಮನುಸ್ರಿರ್ತಾರಲ್ಲ. ನಾನು ಒಂದು ವರ್ಷ ಕಿವುಡಾಗಿ ಸೀಟಲ್ಲಿ ಕೂತಿದ್ದೆ. ಇನ್ನ ಬರಲ್ಲ.”

ನನಗೆ ಅಳುವಿನ ಬದಲು ಸಿಟ್ಟು ಬಂತು. ನನ್ನ ಜಾಯಮಾನವೇ ಹಾಗೆ.

“ಅಲ್ರೀ ತಾತಾ, ಕೇಜು ನಿಮಗ ಕಾಣತಿತ್ತೇನು?”

“ಇಲ್ಲ.”

“ಕೆಳಗ ಗಂಟಿ ಹೊಡಿಯಾಂವನ ಮುಖ?”

“ಅದೆಂಗೆ ಕಾಣ್ತೈತೆ?”

“ಅಂವಾ ಎರಡು ಹೊಡದ್ರ ಎರಡು ಅಂತ ನಂಬತಿದ್ರಿ. ಹೌದಿಲ್ಲೋ? ಕಾಣದಾಂವನ್ನ ಅಷ್ಟು ವರ್ಷ ನಂಬಿದ್ರಿ. ಎದುರಿಗೆ ಕುಂತ ನನ್ನ ನಂಬಾಕ ಆಗೂದಿಲ್ಲೇನು? ನಾ ನಿಮ್ಮ ಹೆಗಲ ಮ್ಯಾಲ ಹೊಡೀತೀನಿ. ನೀವು ತಿರುಗಿ ಹೊಡೀರಿ.”

ಹೊರಗೆ ಹಸು ಕೂಗಿತು. ಪಾಪಮ್ಮನವರು ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟು, ಗಂಡನ ಕಿವಿಯ ಹತ್ತಿರ ಬಾಗಿ, “ಭಾನ್ವಾರ ಮನೇಲಿದ್ರೆ ಕೊಟ್ಟಿಗೆ ತೊಳೀಬೇಕಾಗ್ತೈತೆ ನೋಡಿ” ಎಂದು ಗಟ್ಟಿಯಾಗಿ ಹೇಳಿ ಹೋದರು. ತಾತನ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿತು. “ಟೆಸ್ಟು ಮಾಡ್ತೀನಿ ನಿಂಗೆ. ಪಾಸಾದ್ರೆ ನೋಡಾನ” ಎಂದರು. ಅಲ್ಲಿಯವರೆಗೆ ನನಗೆ ನೀವು ಎನ್ನುತ್ತಿದ್ದವರು ಅವತ್ತಿನಿಂದ ನೀನು ಎನ್ನತೊಡಗಿದರು.

ಭಾನುವಾರ ಅವರು ಬರುವ ತನಕ ನಾವ್ಯಾರೂ ದುರ್ಬೀನು ಮುಟ್ಟಲಿಲ್ಲ. ಮೊಪೆಡ್ಡಿನ ಸದ್ದು ಕೇಳಿದಾಗ ಸೆಲ್ವರಾಜ್ ಚಪ್ಪಾಳೆ ತಟ್ಟಿಯೇಬಿಟ್ಟರು. ತಾತ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ, ನನ್ನನ್ನು ಹಿಂದೆ ನಿಲ್ಲಿಸಿಕೊಂಡರು. “ಮೊದ್ಲು ನಂಗೆ ಕೇಳ್ಸೋ ಪಿಟ್ಟಗಳಿಗೆ ಒಡಿ. ಸರಿಯಾಗಿ ಒಡೀತೀಯಾ ನೋಡ್ತೀನಿ.” ಗೌಜಲಕ್ಕಿ ಕೂಗಿತು. ನಾನು ಗಾಬರಿಯಲ್ಲಿ ನಾಲ್ಕು ಸಲ ತಟ್ಟಿದೆ. “ನಿನ್ ಕೈಗೆ ಗಂಟೆ ಕೊಟ್ಟಿದ್ರೆ ಗಣೀಲಿ ಒಬ್ರೂ ಮನೆಗೋಗ್ತಿರ್ಲಿಲ್ಲ!” ಎಂದರು. ಎಲ್ಲರೂ ನಕ್ಕರು. ಎರಡನೆಯ ಸಲವೂ ತಪ್ಪಿತು. ಮೂರನೆಯದು ಸರಿಯಾಯಿತು. ‘ಚಕ್’ಗೆ ಒಂದು, ಸರಿ. ಹೀಗೆ ಅರ್ಧ ಗಂಟೆ ಪರೀಕ್ಷೆ. ಕಾರ್ಖಾನೆಯಲ್ಲಿ ಊರಿನವರ ಕೆಲಸದಲ್ಲೆಲ್ಲ ತಪ್ಪು ಹುಡುಕುವ ನನಗೆ ಇಲ್ಲಿ ಬೆನ್ನು ಬೆವೆತುಹೋಯಿತು.

ಆಮೇಲೆ ಬೇವಿನ ತುದಿಯಲ್ಲಿ ಅದು ಬಂತು. ಒಂದು ವಾರ ತಡವಾಗಿದ್ದರೂ ಹೊರಟುಹೋಗಿರಲಿಲ್ಲ. ‘ಚಿಸ್‌ವೀ.’

ನಾನು ಅವರ ಹೆಗಲ ಮೇಲೆ ಎರಡು ಬೆರಳಿನಿಂದ ಎರಡು ಸಲ ತಟ್ಟಿದೆ.

ಅವರ ಕೀಲಿ ಗಾಳಿಯಲ್ಲೇ ನಿಂತಿತು. ಅನುಮಾನ ಬಂದರೆ ಕೈ ಮಡಿಲಲ್ಲಿ ಎನ್ನುವವರು. ಆಮೇಲೆ, ಟಣ್. ಟಣ್.

“ಬರ್ಕ,” ಎಂದರು. “ಬಂದೈತೆ.”

ನಾವು ಕೇಕೆ ಹಾಕಿದ ರಭಸಕ್ಕೆ ಹಕ್ಕಿ ಹಾರಿಯೇಹೋಯಿತು. ಯಾರಿಗೂ ಬೇಸರವಾಗಲಿಲ್ಲ. ತಾತ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು, ಹಿಂದಿನ ವರ್ಷದ ಪುಟ ತೆಗೆದು, ‘ಬರಲಿಲ್ಲ’ ಎಂಬುದನ್ನು ಒಂದು ಗೆರೆ ಎಳೆದು ಹೊಡೆದುಹಾಕಿದರು. ಅದರ ಪಕ್ಕ ತಮ್ಮ ಸೊಟ್ಟ ಅಕ್ಷರದಲ್ಲಿ, ನಾಲಿಗೆ ಕಚ್ಚಿಕೊಂಡು ಬರೆದರು: ‘ಬಂದಿತ್ತು. ಕದಿರಪ್ಪನಿಗೆ ಕೇಳಿಸಲಿಲ್ಲ.’ ಕೆಳಗೆ ರುಜು ಬೇರೆ. “ಗಣೀಲಿ ತಪ್ಪಾದ್ರೆ ಇಂಗೇ ಬರೀಬೇಕು” ಎಂದರು. ಆ ದಿನ ಬಂಗಾರಪೇಟೆಯಲ್ಲಿ ಅವರು ಎರಡು ಪ್ಲೇಟು ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ, ಅದು ಖಾರಕ್ಕೇ ಎಂದು ಮೂರು ಮೂರು ಸಲ ಹೇಳಿದರು.

ಹಾಗೆ ನಾನು ಮೂರು ವಸಂತ ಅವರಿಗೆ ಕೆಳಗಿನಿಂದ ಗಂಟೆ ಹೊಡೆಯುವವಳಾದೆ. ಅವರ ಕಿವಿ ಇನ್ನಷ್ಟು ಕಡಿಮೆಯಾಗುತ್ತ ಹೋಯಿತು, ನನ್ನ ಬೆರಳು ಇನ್ನಷ್ಟು ಚುರುಕಾಯಿತು. ಕೊನೆಯ ವರ್ಷ ‘ಚಕ್’ಗೂ ನಾನೇ ತಟ್ಟುತ್ತಿದ್ದೆ. ಹೋದ ಯುಗಾದಿಯ ಭಾನುವಾರ ಸಂಜೆ ಅವರು ಎಂದಿನಂತೆ ಕ್ಯಾನು ಕಟ್ಟಿ, ಮೂರು ಗಂಟೆ ಬಾರಿಸಿ, “ಮೆಲ್ಲಕ್ಕೋಗಮ್ಮ” ಎಂದು ಹೊರಟರು. ನಾನು ಸರಿಯಾಗಿ ನೋಡಲೂ ಇಲ್ಲ, ಚೀಲದಲ್ಲಿ ಮನೆಯ ಕೀಲಿ ಹುಡುಕುತ್ತಿದ್ದೆ. ಆಷಾಢದಲ್ಲಿ ಒಂದು ಬೆಳಿಗ್ಗೆ ಹಾಲು ಕರೆದಿಟ್ಟು, ಸ್ವಲ್ಪ ಮಲಗುತ್ತೇನೆಂದು ಮಲಗಿದವರು ಏಳಲಿಲ್ಲ.

ಈ ಯುಗಾದಿಗೆ ಮೊದಲು ನಾನು ಪಾಪಮ್ಮನವರ ಹತ್ತಿರ ಹೋಗಿ, ಗುಂಪಿಗೆ ಆ ಕ್ಯಾನು ಕೊಡುತ್ತೀರಾ ಎಂದು ಕೇಳಿದೆ. “ಆಲಿಗೆ ಬೇಕಲ್ಲಮ್ಮ!” ಎಂದರು. ನಾವಿಬ್ಬರೂ ನಕ್ಕೆವು, ಆಮೇಲೆ ಅತ್ತೆವು. ಬದುವಿನ ಬೇವಿನ ಸಸಿಗಳು ನನ್ನ ಎತ್ತರ ಮೀರಿವೆ. ಬೇರೆ ದಾರಿಯಿಲ್ಲದೆ ಸೆಲ್ವರಾಜ್ ತಮ್ಮ ಸ್ಟೀಲಿನ ಟಿಫನ್ ಕ್ಯಾರಿಯರ್ ತಂದರು. ಅದರ ಸದ್ದು ಏನೇ ಮಾಡಿದರೂ ಹೋಟೆಲಿನ ಸದ್ದೇ. ಒಬ್ಬೊಬ್ಬರಾಗಿ ಹೊಡೆದು ನೋಡಿ ನಗುತ್ತ, ಚಪ್ಪಡಿ ಕಲ್ಲನ್ನು ಮಾತ್ರ ಖಾಲಿ ಬಿಟ್ಟು, ಸುತ್ತ ನಿಂತುಕೊಂಡೆವು. ‘ಚಕ್’ ಬಂತು. ಗೌಜಲಕ್ಕಿ ಬಂತು. ಬಿಸಿಲೇರುವ ಹೊತ್ತಿಗೆ ಬೇವಿನ ತುದಿಯಲ್ಲಿ ಸೂಜಿಯಷ್ಟು ಸಣ್ಣಗೆ ಎರಡು ಸ್ವರ ಕೇಳಿಸಿತು. ಒಂಬತ್ತೂ ಮಂದಿ ತಲೆಯಾಡಿಸಿದರು, ಯಾರಿಗೂ ಅನುಮಾನವಿರಲಿಲ್ಲ. ನನ್ನ ಬೆರಳು ತಾನಾಗಿ ಎರಡು ಸಲ ಮುಂದೆ ಹೋಗಿ ಗಾಳಿಯನ್ನು ತಟ್ಟಿತು.

ಪುಸ್ತಕ ತೆರೆದು, ಇಳ್ಸು ಪಿಟ್ಟ ಎಂಬುದರ ಮುಂದೆ ಬರೆದೆ: ‘ಬಂದಿತ್ತು. ಕದಿರಪ್ಪನವರು ಬರಲಿಲ್ಲ.’